ಭಯಭಕ್ತಿ ಎಂಬ ಜೋಡುಪದ

(ಮಂಗಳೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಹೊತ್ತು ಸಾಲದೆ ಅಂದು ಬಿಟ್ಟುಬಿಟ್ಟಿದ್ದ ಕೆಲವು ವಿವರಗಳನ್ನು ಇಲ್ಲಿ ಸೇರಿಸಿಕೊಂಡಿದ್ದೇನೆ.)

ಹಿರಿಯರೆ, ಸ್ನೇಹಿತರೆ,

ಇಂದಿನ ಮಾತಿಗೆ ನನಗೆ ಕೊಟ್ಟ ವಿಷಯ ‘ಹೆದರಿಸಿ ಆಳುವುದು ಮತ್ತು ಗೌರವ ಗಳಿಸಿ ಆಳುವುದು’. ಎರಡನ್ನೂ ಎದುರುಬದುರು ನಿಲ್ಲಿಸಿ, ಮೊದಲನೆಯದನ್ನು ಬೈದು ಎರಡನೆಯದನ್ನು ಹೊಗಳಿ ಕುಳಿತುಕೊಳ್ಳುವುದು ಸುಲಭ. ಆದರೆ ನಮ್ಮ ಭಾಷೆಯೇ ಅದಕ್ಕೆ ಒಪ್ಪುವುದಿಲ್ಲ. ಕನ್ನಡದಲ್ಲಿ ‘ಭಯಭಕ್ತಿ’ ಎಂಬ ಮಾತಿದೆ. ದೇವರೆದುರು, ಗುರುಗಳೆದುರು, ಗುತ್ತಿನ (ಊರಿನ ದೊಡ್ಡ ಮನೆತನದ) ಯಜಮಾನರೆದುರು ಭಯಭಕ್ತಿಯಿಂದ ಇರಬೇಕು ಎಂಬುದನ್ನು ಕೇಳುತ್ತಲೇ ನಾವೆಲ್ಲ ದೊಡ್ಡವರಾದೆವು. ‘ಆ ಹುಡುಗನಿಗೆ ಹಿರಿಯರು ಎಂಬ ಹೆದರಿಕೆಯೇ ಇಲ್ಲ’ ಎಂದು ದೂರುವಾಗ ನಾವು ಹೇಳುತ್ತಿರುವುದು ಮರ್ಯಾದೆ ಇಲ್ಲವೆಂದೇ ಹೊರತು ಹೆದರಿಕೆ ಇಲ್ಲವೆಂದಲ್ಲ. ಹೀಗೆ ಒಂದೇ ಬಾಳೆಲೆಯಲ್ಲಿ ಉಣ್ಣುತ್ತಾ ಬಂದ ಎರಡು ಭಾವಗಳನ್ನು ಬೇರೆ ಪಂಕ್ತಿಯಲ್ಲಿ ಕೂರಿಸಬೇಕಾದರೆ ಒಂದು ಗುರುತು ಬೇಕು. ಕೈಮುಗಿದು ನಿಂತವನನ್ನು ಹೊರಗಿನಿಂದ ನೋಡಿದರೆ ಅವನು ನಿಂತದ್ದು ಭಯದಿಂದಲೋ ಭಕ್ತಿಯಿಂದಲೋ ತಿಳಿಯುವುದಿಲ್ಲ. ಎರಡಕ್ಕೂ ಕೈ ಮುಗಿಯುವ ರೀತಿ ಒಂದೇ.

ನಾನು ಹಿಡಿದಿರುವ ಗುರುತು ಇಷ್ಟೇ: ಕೈಮುಗಿದವನು ಆಳುವವನಿಗೆ ಕೆಟ್ಟ ಸುದ್ದಿಯನ್ನು ಹೇಳುತ್ತಾನೆಯೇ ಇಲ್ಲವೇ. ಈ ಗುರುತು ನನಗೆ ಸಿಕ್ಕಿದ್ದು ಪುಸ್ತಕದಲ್ಲಿ ಅಲ್ಲ, ಉಡುಪಿ ಕಡೆಯ ಹಳ್ಳಿಯೊಂದರ ಹಂಚಿನ ಮಾಡಿನ ಶಾಲೆಯಲ್ಲಿ.

ನಮ್ಮ ಹೆಡ್‌ಮಾಸ್ತರರ ಕೈಯಲ್ಲಿ ನಾಗರಬೆತ್ತ ಇರುತ್ತಿತ್ತು. ಆದರೆ ಕೆಲಸ ಮಾಡುತ್ತಿದ್ದುದು ಬೆತ್ತಕ್ಕಿಂತ ಹೆಚ್ಚಾಗಿ ಅವರ ಚಪ್ಪಲಿಯ ಸದ್ದು. ಜಗಲಿಯ ಆ ತುದಿಯಲ್ಲಿ ಅದು ಕೇಳಿದರೆ ಈ ತುದಿಯ ಐದನೆಯ ತರಗತಿಯ ಮಗ್ಗಿ ತಾನಾಗಿಯೇ ಏರುದನಿಗೆ ಬರುತ್ತಿತ್ತು. ನಾನು ಕೂರುತ್ತಿದ್ದ ಬೆಂಚಿನ ನೇರ ಮೇಲೆ ಒಂದು ಪಕ್ಕಾಸು, ಅಂದರೆ ಹಂಚಿನ ಮಾಡನ್ನು ಹೊತ್ತ ಮರದ ಪಟ್ಟಿ. ಅದಕ್ಕೆ ಮರ ಕೊರೆಯುವ ಕುಟ್ಟೆಹುಳ ಹಿಡಿದಿತ್ತು. ಪ್ರತಿ ಬೆಳಿಗ್ಗೆ ಬೆಂಚಿನ ಮೇಲೆ ನಸುಹಳದಿ ಬಣ್ಣದ ಮರದ ಹುಡಿ, ಯಾರೋ ಚಿಟಿಕೆಯಿಂದ ಉದುರಿಸಿಟ್ಟಂತೆ, ಸಣ್ಣ ರಾಶಿಯಾಗಿ ಬಿದ್ದಿರುತ್ತಿತ್ತು. ನಾವು ಅಂಗೈಯಿಂದ ಅದನ್ನು ಒರಸಿ ಪುಸ್ತಕ ಇಡುತ್ತಿದ್ದೆವು. ಮಳೆಗಾಲ ಹತ್ತಿರ ಬಂದಂತೆ ರಾಶಿ ದೊಡ್ಡದಾಯಿತು. ತರಗತಿಯ ಅಷ್ಟೂ ಮಕ್ಕಳಿಗೆ ಇದು ಗೊತ್ತಿತ್ತು. ಹೇಳಿದರೆ ಬರುವ ಮೊದಲ ಪ್ರಶ್ನೆ ‘ಪಾಠದ ಹೊತ್ತಿಗೆ ಮಾಡು ನೋಡುತ್ತಿದ್ದವ ಯಾರು?’ ಎಂಬುದೂ ಅಷ್ಟೇ ಚೆನ್ನಾಗಿ ಗೊತ್ತಿತ್ತು. ಆಟಿ ತಿಂಗಳ ಒಂದು ರಾತ್ರಿಯ ಗಾಳಿಮಳೆಗೆ ಪಕ್ಕಾಸು ಮುರಿದು, ರೀಪು ಹಂಚುಗಳೆಲ್ಲ ನಮ್ಮ ಬೆಂಚುಗಳ ಮೇಲೆ ಬಿದ್ದವು. ರಾತ್ರಿಯಾದದ್ದು ನಮ್ಮ ಪುಣ್ಯ. ಮರುದಿನ ಹೆಡ್‌ಮಾಸ್ತರರು ಒದ್ದೆ ಹಂಚಿನ ಚೂರುಗಳ ನಡುವೆ, ಬೆತ್ತವಿಲ್ಲದೆ, ನಿಂತು ‘ಒಬ್ಬರಿಗೂ ಗೊತ್ತಿರಲಿಲ್ಲವೇನ್ರೋ?’ ಎಂದು ಕೇಳಿದರು. ಯಾರೂ ತುಟಿ ಬಿಚ್ಚಲಿಲ್ಲ. ಅಷ್ಟು ವರ್ಷ ಅವರು ಶಿಸ್ತು ಎಂದು ನಂಬಿಕೊಂಡಿದ್ದದ್ದು ಅದೇ ಮೌನ.

ಅದೇ ಶಾಲೆಯಲ್ಲಿ ಒಬ್ಬರು ಟೀಚರಿದ್ದರು. ಅವರೂ ಹೊಡೆಯುತ್ತಿದ್ದರು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಬಾವಿಯ ಹಗ್ಗ ಸವೆದದ್ದನ್ನು, ಪಕ್ಕದ ಬೆಂಚಿನವನು ಜ್ವರದಲ್ಲೇ ಶಾಲೆಗೆ ಬಂದದ್ದನ್ನು, ನಾವೇ ಅವರ ಪೆನ್ನು ಕದ್ದದ್ದನ್ನೂ ಅವರಲ್ಲಿ ಹೋಗಿ ಹೇಳುತ್ತಿದ್ದೆವು. ತಪ್ಪಿಗೆ ತಕ್ಕಷ್ಟು ಮಾತ್ರ ಪೆಟ್ಟು ಬೀಳುತ್ತದೆ, ಹೇಳಿದ್ದಕ್ಕಾಗಿ ಬೀಳುವುದಿಲ್ಲ ಎಂಬ ಖಾತ್ರಿ ನಮಗಿತ್ತು.

ಈ ‘ತಕ್ಕಷ್ಟು’ ಎಂಬ ಮಾತನ್ನು ಬಹಳ ಹಿಂದೆಯೇ ಶಾಸ್ತ್ರವಾಗಿ ಬರೆದಿಟ್ಟವರಿದ್ದಾರೆ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು, ಹಾಗಾಗಿ ಈ ಗ್ರಂಥ ಲೋಕಕ್ಕೆ ಮರಳಿ ಸಿಕ್ಕಿದ್ದು ನಮ್ಮ ನಾಡಿನಲ್ಲಿಯೇ ಎಂದು ನಾವು ಸ್ವಲ್ಪ ಹೆಮ್ಮೆಪಡಬಹುದು. ಕೌಟಿಲ್ಯನನ್ನು ಕಠಿಣ ಹೃದಯದ ಮಂತ್ರಿಯೆಂದೇ ನಾವು ಚಿತ್ರಿಸಿಕೊಂಡಿದ್ದೇವೆ, ಗೂಢಚಾರರ ಅಧ್ಯಾಯಗಳನ್ನು ಓದಿದರೆ ಅದು ಸುಳ್ಳೂ ಅಲ್ಲ. ಆದರೆ ದಂಡದ ಬಗ್ಗೆ ಅವನ ಮಾತು ಹೀಗಿದೆ: ‘ತೀಕ್ಷ್ಣದಂಡೋ ಹಿ ಭೂತಾನಾಮುದ್ವೇಜನೀಯಃ, ಮೃದುದಂಡಃ ಪರಿಭೂಯತೇ, ಯಥಾರ್ಹದಂಡಃ ಪೂಜ್ಯಃ.’ ಕಠೋರವಾಗಿ ದಂಡಿಸುವವನನ್ನು ಕಂಡರೆ ಜನ ತಲ್ಲಣಿಸುತ್ತಾರೆ, ಮೆತ್ತಗೆ ದಂಡಿಸುವವನನ್ನು ತಾತ್ಸಾರ ಮಾಡುತ್ತಾರೆ, ತಕ್ಕಂತೆ ದಂಡಿಸುವವನನ್ನು ಗೌರವಿಸುತ್ತಾರೆ. ಗೌರವವು ಮೃದುತನದಿಂದ ಬರುತ್ತದೆ ಎಂದು ಅವನು ಹೇಳಲಿಲ್ಲ. ‘ಪೂಜ್ಯ’ ಎಂಬ ಪದವನ್ನು ಅವನು ಮೀಸಲಿಟ್ಟಿರುವುದು ಅಳತೆ ತಪ್ಪದವನಿಗೆ.

ಮಾಕಿಯಾವೆಲ್ಲಿಯ ಪಾಡು ಇನ್ನೂ ವಿಚಿತ್ರ. ಇಟಲಿಯ ಫ್ಲಾರೆನ್ಸಿನ ಈ ಪದಚ್ಯುತ ಅಧಿಕಾರಿ 1513ರಲ್ಲಿ ಬರೆದ ಕಿರುಹೊತ್ತಗೆಯಿಂದ ಜನ ಎತ್ತಿಕೊಂಡದ್ದು ಅರ್ಧ ವಾಕ್ಯವನ್ನು. ಅತ್ತ ಅವನು ಬರೆಯುತ್ತಿದ್ದಾಗ ಇತ್ತ ಹಂಪಿಯಲ್ಲಿ ಕೃಷ್ಣದೇವರಾಯ ಆಳುತ್ತಿದ್ದ; ಮಂಗಳೂರು ಮತ್ತು ಬಾರ್ಕೂರು ಅವನ ಸಾಮ್ರಾಜ್ಯದ ಎರಡು ರಾಜ್ಯಗಳಾಗಿದ್ದವು. ಪ್ರೀತಿ ಮತ್ತು ಭಯ ಎರಡನ್ನೂ ಒಟ್ಟಿಗೆ ಗಳಿಸಲಾಗದಿದ್ದರೆ ಭಯವೇ ಹೆಚ್ಚು ಭದ್ರ ಎಂದು ಮಾಕಿಯಾವೆಲ್ಲಿ ಹೇಳಿದ್ದು ನಿಜ. ಆದರೆ ಅದೇ ಉಸಿರಿನಲ್ಲಿ, ಭಯ ಹುಟ್ಟಿಸಿದರೂ ದ್ವೇಷ ಹುಟ್ಟಿಸಬೇಡ, ಅದಕ್ಕಾಗಿ ಪ್ರಜೆಗಳ ಆಸ್ತಿಗೆ ಕೈ ಹಾಕಬೇಡ, ಏಕೆಂದರೆ ಮನುಷ್ಯರು ತಂದೆಯ ಸಾವನ್ನು ಮರೆತಾರು, ಪಿತ್ರಾರ್ಜಿತ ಹೋದದ್ದನ್ನು ಅಷ್ಟು ಬೇಗ ಮರೆಯಲಾರರು ಎಂದೂ ಹೇಳಿದ. ಈ ಎರಡನೆಯ ಅರ್ಧವನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಿ. ಸುಳ್ಯದ ಕಡೆಗೆ ಹೋದಾಗ ಅದು ಬೇಕಾಗುತ್ತದೆ.

ಅದಕ್ಕೂ ಮೊದಲು, ನೇತ್ರಾವತಿಯ ಆಚೆ ದಡದ ಉಳ್ಳಾಲವನ್ನು ಆಳಿದ ರಾಣಿಯ ಒಂದು ದೃಶ್ಯ. ಉಳ್ಳಾಲದ ಚೌಟರ ರಾಣಿ ಅಬ್ಬಕ್ಕ ಒಬ್ಬಳೇ, ಇಬ್ಬರೇ, ಮೂವರೇ ಎಂಬ ಚರ್ಚೆ ಇತಿಹಾಸಕಾರರಲ್ಲಿ ಇದೆ. ಅದನ್ನು ಅವರಿಗೇ ಬಿಡೋಣ. ಪಿಯೆತ್ರೊ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ 1623ರಲ್ಲಿ ಈ ಕರಾವಳಿಗೆ ಬಂದಿದ್ದಾಗ ಉಳ್ಳಾಲದ ರಾಣಿಯನ್ನು ನೋಡಲೆಂದು ಮಣೇಲಿಗೆ ಹೋದ. ಅರಮನೆಯಲ್ಲಿ, ಸಿಂಹಾಸನದ ಮೇಲೆ ನೋಡುವ ನಿರೀಕ್ಷೆ ಅವನಿಗಿದ್ದಿರಬೇಕು. ಅವನಿಗೆ ಆಕೆ ಸಿಕ್ಕಿದ್ದು ಬೀದಿಯಲ್ಲಿ: ನೀರಿನ ಕಾಲುವೆ ತೋಡಿಸುವ ಕೆಲಸವನ್ನು ನೋಡಿಕೊಂಡು ನಡೆದೇ ಬರುತ್ತಿದ್ದಳು, ಬರಿಗಾಲು, ಸೊಂಟಕ್ಕೆ ಸಾದಾ ಹತ್ತಿಯ ಬಟ್ಟೆ. ರಾಣಿಗಿಂತ ಅಡುಗೆಮನೆಯ ಆಳಿನಂತೆ, ಬಟ್ಟೆ ಒಗೆಯುವವಳಂತೆ ಕಂಡಳು ಎಂದು ಬರೆದ ಅದೇ ಮನುಷ್ಯ, ಮಾತಿಗೆ ನಿಂತಾಗ ಮಾತ್ರ ಆಕೆಯ ರಾಜತನ ತಿಳಿಯಿತು ಎಂದೂ ಬರೆದ. ಆಕೆಯ ಬಗ್ಗೆ ಕೇಳಿಬಂದ ಕೆಟ್ಟ ಮಾತುಗಳನ್ನೂ ಅವನು ಬಿಡದೆ ದಾಖಲಿಸಿದ್ದಾನೆ, ಆದ್ದರಿಂದ ಇದನ್ನು ಹೊಗಳುಭಟನ ಬರಹವೆಂದು ತಳ್ಳಿಹಾಕುವಂತಿಲ್ಲ. ನನಗೆ ಇಲ್ಲಿ ಮುಖ್ಯವಾಗುವುದು ಆ ಕಾಲುವೆ. ಕಾಲುವೆಯ ಬದಿಯಲ್ಲಿ ನಿಂತ ಅರಸಿಗೆ ‘ಇಲ್ಲಿ ಬಂಡೆ ಬಂತು, ನೀರು ಹೋಗುವುದಿಲ್ಲ’ ಎಂದು ಪಿಕ್ಕಾಸು ಹಿಡಿದವನು ನೇರವಾಗಿ ಹೇಳಬಹುದು. ಆ ಮಾತು ಶಾನುಭೋಗನ ಕಿವಿಯಿಂದ ಕಾರಭಾರಿಯ ಕಿವಿಗೆ ಹಾದು, ಪ್ರತಿ ಮೆಟ್ಟಲಲ್ಲಿ ಸ್ವಲ್ಪ ಸಿಹಿಯಾಗುತ್ತಾ, ಕೊನೆಗೆ ‘ನೀರು ಹರಿಯುತ್ತಿದೆ ಒಡತಿ’ ಎಂದಾಗುವ ಅಪಾಯ ಇಲ್ಲ.

ಅದೇ ಕಾಲದಲ್ಲಿ ಹೊಳೆಯ ಈಚೆ ದಡದಲ್ಲಿ ಪೋರ್ಚುಗೀಸರ ಕೋಟೆ ಇತ್ತು. ಅವರ ಪರವಾನಗಿ ಪತ್ರ ಇಲ್ಲದ ಹಡಗನ್ನು ಕಡಲಲ್ಲಿ ಹಿಡಿದು ಮುಟ್ಟುಗೋಲು ಹಾಕುವುದೇ ಅವರ ಆಳ್ವಿಕೆಯ ಬೆನ್ನೆಲುಬು. ಆ ಭಯಕ್ಕೆ ಒಂದು ದೂರ ಇತ್ತು, ಅದು ತೋಪಿನ ಗುಂಡು ತಲಪುವಷ್ಟು ದೂರ.

ಈಗ ಸುಳ್ಯ. ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನನ್ನ ವಾದಕ್ಕೆ ಅನುಕೂಲವಾಗುವುದಕ್ಕಿಂತ ತೊಡಕಾಗುವ ಸಂಗತಿಗಳೇ ಇದರಲ್ಲಿ ಹೆಚ್ಚು.

ಕೊಡಗಿನ ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರ 1820ರಿಂದ 1834ರವರೆಗೆ ಆಳಿದ. ಬಂಧುಗಳನ್ನೂ ಬಿಡದೆ ಕೊಲ್ಲಿಸಿದವನು, ಭಯದಿಂದಲೇ ಆಳಿದವನು ಎಂದು ಅವನ ಚಿತ್ರ ನಮಗೆ ಬಂದಿದೆ. ಆ ಚಿತ್ರದ ಬಹುಭಾಗವನ್ನು ಬಿಡಿಸಿದವರು ಅವನನ್ನು ಇಳಿಸಿದ ಕಂಪೆನಿಯವರೇ ಎಂಬುದನ್ನು ಮರೆಯಬಾರದಾದರೂ, ಅವನ ಕ್ರೌರ್ಯ ಬರಿಯ ಕಟ್ಟುಕತೆಯೆಂದು ಯಾರೂ ಹೇಳುವುದಿಲ್ಲ. 1834ರ ಏಪ್ರಿಲಿನಲ್ಲಿ ಕಂಪೆನಿಯ ಸೈನ್ಯ ಮಡಿಕೇರಿಗೆ ಬಂತು. ಮೇ ತಿಂಗಳಲ್ಲಿ ಕರ್ನಲ್ ಫ್ರೇಜರ್ ಹೊರಡಿಸಿದ ಘೋಷಣೆ, ಕೊಡಗಿನ ಜನರೆಲ್ಲರ ಒಮ್ಮತದ ಇಚ್ಛೆಯಂತೆಯೇ ನಾಡನ್ನು ಕಂಪೆನಿಯ ಆಡಳಿತಕ್ಕೆ ತೆಗೆದುಕೊಳ್ಳುತ್ತಿದ್ದೇವೆ ಎಂದಿತು. ಹೆದರಿಸಿದ ಅರಸ ಹೋದ, ಕ್ರಮಬದ್ಧ ಸರಕಾರ ಬಂತು. ಪಠ್ಯಪುಸ್ತಕದ ನ್ಯಾಯದಂತೆ ಜನ ನಿಟ್ಟುಸಿರು ಬಿಡಬೇಕಾಗಿತ್ತು.

ಮೂರೇ ವರ್ಷಕ್ಕೆ ಅದೇ ಜನ ಅದೇ ಅರಸನ ವಂಶದ ಹೆಸರು ಹಿಡಿದು ಎದ್ದರು. ಕಂಪೆನಿಯವರು ಹಿಂದೆ ಕೊಡಗಿನ ಅರಸನಿಗೆ ಬಿಟ್ಟುಕೊಟ್ಟಿದ್ದ ಅಮರ ಸುಳ್ಯದ ಮಾಗಣೆಯನ್ನು ಅರಸನನ್ನು ಇಳಿಸಿದ ಮೇಲೆ ಮತ್ತೆ ಕೆನರಾ ಜಿಲ್ಲೆಗೆ ಸೇರಿಸಿದರು. ಅರಸನ ಕಾಲದಲ್ಲಿ ತೀರ್ವೆಯನ್ನು ಬೆಳೆಯ ರೂಪದಲ್ಲಿ ಕೊಟ್ಟರೆ ಆಗುತ್ತಿತ್ತು, ಈಗ ರೂಪಾಯಿಯಲ್ಲಿ ಕೊಡಬೇಕಾಯಿತು. ಕಚೇರಿಯ ಮೇಜಿನ ಮೇಲೆ ಇದು ಸಣ್ಣ ತಿದ್ದುಪಡಿ. ಘಟ್ಟದ ಬುಡದ ರೈತನಿಗೆ ಇದರ ಅರ್ಥ ಬೇರೆಯೇ ಆಗಿತ್ತು: ಬತ್ತ ಅಂಗಳದಲ್ಲಿದೆ, ರೂಪಾಯಿ ಕರಾವಳಿಯ ವ್ಯಾಪಾರಿಯ ಕೈಯಲ್ಲಿದೆ, ಕಂತಿನ ದಿನ ಹತ್ತಿರವಿದೆ, ಎಲ್ಲರೂ ಒಟ್ಟಿಗೆ ಮಾರಲು ಹೊರಟಾಗ ಬೆಲೆ ಇಳಿದಿದೆ, ಮಾರಿಯೂ ಸಾಲದ್ದಕ್ಕೆ ಸಾಹುಕಾರನ ಬಡ್ಡಿ. ಇಲ್ಲಿ ಯಾರೂ ಯಾರ ತಲೆಯನ್ನೂ ಕಡಿಯಲಿಲ್ಲ. ಆದರೆ ಭೂಮಿ ಕೈಬಿಡುವ ಭಯ ಅರಸನ ಕತ್ತಿಯ ಭಯಕ್ಕಿಂತ ಹತ್ತಿರದ್ದಾಗಿತ್ತು. ಫ್ಲಾರೆನ್ಸಿನವನ ಎರಡನೆಯ ಅರ್ಧ ವಾಕ್ಯ ಇಲ್ಲಿ ನಿಜವಾಯಿತು.

ಇದನ್ನು ಸರಕಾರಕ್ಕೆ ಮೊದಲೇ ಯಾರೂ ಹೇಳಿರಲಿಲ್ಲವೇ? ಹೇಳಿದ್ದರು. ಅದಕ್ಕೆ ಆರೇಳು ವರ್ಷ ಮುಂಚೆ, 1830–31ರಲ್ಲಿ, ಬೆಲೆ ಕುಸಿದು ತೀರ್ವೆ ಮಾತ್ರ ಇಳಿಯದಿದ್ದಾಗ ಜಿಲ್ಲೆಯ ರೈತರು ಅರ್ಜಿ ಬರೆದರು. ಅರ್ಜಿಗೆ ಫಲ ಕಾಣದಿದ್ದಾಗ ಊರೂರಲ್ಲಿ ‘ಕೂಟ’ ಸೇರಿ ತೀರ್ವೆ ಕಟ್ಟುವುದಿಲ್ಲ ಎಂದರು. ಕದ್ರಿಯ ಮಂಜುನಾಥ ದೇವಸ್ಥಾನದ ವಠಾರವೂ ಅಂಥ ಕೂಟ ಸೇರಿದ ಜಾಗಗಳಲ್ಲಿ ಒಂದು. ಸರಕಾರ ಇದನ್ನು ಸುದ್ದಿ ಎಂದು ಓದಲಿಲ್ಲ, ಉದ್ಧಟತನ ಎಂದು ಓದಿತು. ಕಿವಿ ಕೇಳದ ಮನೆಯಲ್ಲಿ ಬಾಗಿಲು ತಟ್ಟಿ ತಟ್ಟಿ ಕೊನೆಗೆ ಒದೆಯುವವರೂ ಇರುತ್ತಾರೆ.

1837ರ ಮಾರ್ಚ್ ಕೊನೆಗೆ ಸುಳ್ಯದ ಕಡೆಯಿಂದ ಹೊರಟ ದಂಡು ಬೆಳ್ಳಾರೆ, ಪುತ್ತೂರು ದಾಟಿ, ಬಂಟ್ವಾಳ ಕಡೆಯಿಂದ ಬಂದು ಏಪ್ರಿಲ್ 5ರಂದು ಮಂಗಳೂರನ್ನು ಹೊಕ್ಕಿತು. ಮುಂದೆ ನಿಂತವರಲ್ಲಿ ಕೆದಂಬಾಡಿ ರಾಮಯ್ಯ ಗೌಡರು, ನಂದಾವರದ ಬಂಗರಸರು ಇದ್ದರು. ಹಾಲೇರಿ ವಂಶದ ಕಲ್ಯಾಣಸ್ವಾಮಿ ತಾನೇ ಎಂದು ಹೇಳಿಕೊಂಡ ಪುಟ್ಟಬಸಪ್ಪ ಇದ್ದ. ಕಲೆಕ್ಟರರು ಹಡಗು ಹತ್ತಿ ಕಣ್ಣೂರಿಗೆ ಹೋದರು. ನಮ್ಮ ಬಾವುಟಗುಡ್ಡೆಗೆ ಆ ಹೆಸರು ಬಂದದ್ದು ಅಂದು ಹಾರಿಸಿದ ಬಾವುಟದಿಂದ ಎಂದು ಹೇಳುತ್ತಾರೆ. ರಾಮಯ್ಯ ಗೌಡರ ಪ್ರತಿಮೆ ಈಗ ಅಲ್ಲಿಯೇ ಇದೆ, ಸ್ಥಾಪನೆಯಾದದ್ದು 2022ರ ನವೆಂಬರಿನಲ್ಲಿ. ಹದಿಮೂರು ದಿನ ಊರು ಅವರ ಕೈಯಲ್ಲಿತ್ತು ಎಂಬುದು ರೂಢಿಯ ಲೆಕ್ಕ. ಆಮೇಲೆ ಕಂಪೆನಿಯ ಪಡೆ ಬಂತು, ಬಿಕರ್ನಕಟ್ಟೆಯಲ್ಲಿ ನೇಣುಗಂಬ ನಿಂತಿತು, ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು.

ಇಲ್ಲಿ ಒಂದು ಅಡ್ಡಮಾತು ಹೇಳದೆ ಮುಂದೆ ಹೋಗಲಾರೆ. ಇಂದು ನಾವು ಇದನ್ನು ಅಮರ ಸುಳ್ಯ ಸಮರ ಎನ್ನುತ್ತೇವೆ, ಎನ್ನಬೇಕಾದದ್ದೇ. ಆದರೆ ಈ ಜಿಲ್ಲೆಯ ಹಳಬರ ಬಾಯಲ್ಲಿ ಉಳಿದ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’. ಆ ಹೆಸರಿನಲ್ಲಿ ಹೊಗಳಿಕೆಯ ಧ್ವನಿ ಇಲ್ಲ. ದಂಡು ಬರುತ್ತದೆ ಎಂದಾಗ ಪೇಟೆಯವರು ಅಂಗಡಿ ಬಾಗಿಲು ಹಾಕಿ ಒಳಗೆ ಕುಳಿತ ನೆನಪು ಅದರಲ್ಲಿದೆ. ಭಯದ ಆಳ್ವಿಕೆಯ ವಿರುದ್ಧ ಎದ್ದವರೂ ತಾವು ಹೋದ ದಾರಿಯಲ್ಲಿ ಭಯ ಬಿತ್ತುವುದುಂಟು. ಪ್ರತಿಮೆಯೂ ಇರಲಿ, ಆ ಹಳೆಯ ಹೆಸರೂ ಇರಲಿ. ಒಂದನ್ನು ಇಟ್ಟುಕೊಳ್ಳಲು ಇನ್ನೊಂದನ್ನು ಅಳಿಸಬೇಕಾಗಿಲ್ಲ.

ತುಳುನಾಡಿನ ಜನ ಅಧಿಕಾರವನ್ನು ಹೇಗೆ ತೂಗಿದ್ದಾರೆ ಎಂದು ತಿಳಿಯಲು ಕಚೇರಿಯ ಕಡತಗಳಿಗಿಂತ ತುಳುವಿನ ಹಾಡುಗತೆಗಳಾದ ಪಾಡ್ದನಗಳು ಹೆಚ್ಚು ನೆರವಾಗುತ್ತವೆ. ಕಲ್ಕುಡನ ಕತೆ ತಾವೆಲ್ಲ ಬಲ್ಲದ್ದೇ. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಇನ್ನೊಂದು ಕಡೆ ಅಂಥದ್ದನ್ನು ಕಡೆಯಬಾರದೆಂದು ಭೈರರಸ ಅವನ ಒಂದು ಕೈ, ಒಂದು ಕಾಲನ್ನು ಕಡಿಸಿದ. ಉಳಿದ ಒಂದೇ ಕೈಯಲ್ಲಿ ಅವನು ವೇಣೂರಿನ ಗೊಮ್ಮಟನನ್ನು ಕಡೆದ. ತಂಗಿ ಕಲ್ಲುರ್ಟಿ ಅಣ್ಣನನ್ನು ಅರಸುತ್ತಾ ಬಂದಳು, ಇಬ್ಬರೂ ಮಾಯವಾಗಿ ದೈವಗಳಾಗಿ ಅರಸನ ನೆಮ್ಮದಿ ಕೆಡಿಸಿದರು. ಶಾಸನದ ಲೆಕ್ಕ ಹಿಡಿದರೆ ಕಾರ್ಕಳದ 42 ಅಡಿಯ ಬಿಂಬ ನಿಂತದ್ದು 1432ರಲ್ಲಿ, ವೇಣೂರಿನದು 1604ರಲ್ಲಿ. ನಡುವೆ 172 ವರ್ಷ. ಒಬ್ಬನೇ ಎರಡನ್ನೂ ಕಡೆದಿರಲು ಸಾಧ್ಯವಿಲ್ಲ. ಆದರೆ ಪಾಡ್ದನ ಹೇಳಹೊರಟದ್ದು ತಾರೀಕನ್ನಲ್ಲ. ಭೈರರಸನ ಹೆಸರು ಕಲ್ಲಿನ ಶಾಸನದಲ್ಲಿದೆ. ಕೈ ಕಳೆದುಕೊಂಡವನ ಹೆಸರಿಗೆ ಊರೂರಲ್ಲಿ ಗುಡಿ ಇದೆ, ಕೋಲ ಇದೆ.

ಕೋಲದ ಅಂಗಳದಲ್ಲಿ ನಡೆಯುವುದನ್ನು ನನ್ನ ಗುರುತಿನಿಂದ ಅಳೆದು ನೋಡಿ. ದೈವ ಕಟ್ಟುವವರು ನಲಿಕೆ, ಪಂಬದ, ಪರವ ಸಮುದಾಯದವರು, ವರ್ಷವಿಡೀ ಗುತ್ತಿನ ಅಂಗಳದ ಹೊರಗೆ ನಿಂತವರು. ಆ ಒಂದು ರಾತ್ರಿ ಮುಖಕ್ಕೆ ಅರದಳ ಬಳಿದು, ಅಣಿ ಕಟ್ಟಿ, ಕೈಯಲ್ಲಿ ಕಡ್ಸಲೆ ಎಂಬ ಕತ್ತಿ ಹಿಡಿದು ನಿಂತಾಗ ಗುತ್ತಿನ ಯಜಮಾನರು ಮುಂಡಾಸಿನ ತಲೆ ತಗ್ಗಿಸಿ ಎದುರು ನಿಲ್ಲುತ್ತಾರೆ, ದೈವದ ನುಡಿ ಅವರನ್ನು ಹೆಸರು ಹಿಡಿದು ಕೇಳುತ್ತದೆ: ಕೊಟ್ಟ ಮಾತು ಎಲ್ಲಿ, ಸಂಸಾರದ ಪಾಲಿನಲ್ಲಿ ನ್ಯಾಯ ಎಲ್ಲಿ. ಅಂದರೆ ಕೆಟ್ಟ ಸುದ್ದಿ ಮೇಲಕ್ಕೆ ಹೋಗಲು ನಮ್ಮ ಹಿರಿಯರು ಒಂದು ದಾರಿಯನ್ನು ತೆರೆದಿಟ್ಟಿದ್ದರು. ಇದನ್ನು ಹೇಳಿ ಹಲವರು ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಹಾಗೆ ನಿಲ್ಲಿಸಲು ಮನಸ್ಸು ಬರುವುದಿಲ್ಲ, ಏಕೆಂದರೆ ಬೆಳಗಾದ ಮೇಲೆ, ಬಣ್ಣ ಅಳಿಸಿದ ಅದೇ ಮನುಷ್ಯ ಮತ್ತೆ ಅಂಗಳದ ಆಚೆಗೇ ನಿಲ್ಲಬೇಕಾಗಿತ್ತು. ವರ್ಷಕ್ಕೆ ಒಂದು ರಾತ್ರಿ ತೆರೆಯುವ ಕಿಂಡಿಯನ್ನು ಹೆಬ್ಬಾಗಿಲು ಎನ್ನಲಾಗದು.

ಈ ಕಿಂಡಿಯನ್ನು ದಿನವೂ ತೆರೆದಿಡಬೇಕು ಎಂದು ಕಲ್ಲಿನಲ್ಲಿ ಕೆತ್ತಿಸಿದ ಅರಸನೊಬ್ಬ ಇದ್ದ. ಅಶೋಕನ ಆರನೆಯ ಶಿಲಾಶಾಸನದ ತಿರುಳು ಇಷ್ಟು: ನಾನು ಊಟಕ್ಕೆ ಕುಳಿತಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಪ್ರಜೆಗಳ ಸುದ್ದಿ ತರುವವರು ಯಾವ ಹೊತ್ತಿನಲ್ಲಾದರೂ ಬಂದು ಹೇಳಬೇಕು. ಶಾಂತಿಯ ಸಂದೇಶಕ್ಕಾಗಿ ಅಶೋಕನನ್ನು ಎಲ್ಲರೂ ಹೊಗಳುತ್ತಾರೆ. ಆಡಳಿತಗಾರನಾಗಿ ಅವನು ಬರೆಸಿದ ಅತ್ಯಂತ ಜಾಣ ಸಾಲು ಇದೇ ಎಂದು ನನ್ನ ಅನಿಸಿಕೆ.

ಅದಕ್ಕೆ ತೀರ ವಿರುದ್ಧವಾದ ಉದಾಹರಣೆ ನಮ್ಮ ಹಿರಿಯರ ಕಾಲದ್ದೇ, ಬತ್ತದ ಗದ್ದೆಯದ್ದೇ. 1958ರಲ್ಲಿ ಚೀನಾದಲ್ಲಿ ಮಾವೋ ‘ಮಹಾ ಜಿಗಿತ’ವನ್ನು ಆರಂಭಿಸಿದಾಗ ಜಿಲ್ಲೆ ಜಿಲ್ಲೆಗಳು ಪೈಪೋಟಿಯಿಂದ ಇಳುವರಿಯ ಲೆಕ್ಕವನ್ನು ಏರಿಸಿ ಕಳಿಸಿದವು, ಕಡಿಮೆ ಬರೆದವನು ಶಂಕೆಗೆ ಗುರಿಯಾಗುತ್ತಿದ್ದ. ನಾಯಕರು ನೋಡಲು ಬರುವ ಗದ್ದೆಗೆ ಸುತ್ತಲಿನ ಹಲವು ಗದ್ದೆಗಳ ಬೆಳೆದ ಪೈರನ್ನು ಕಿತ್ತು ತಂದು ಒತ್ತೊತ್ತಾಗಿ ನೆಟ್ಟರು. ತೆನೆಗಳ ಮೇಲೆಯೇ ಮಕ್ಕಳು ನಿಂತಂತೆ ತೆಗೆದ ಫೋಟೋ ಪತ್ರಿಕೆಯಲ್ಲಿ ಅಚ್ಚಾಯಿತು. ಬೇಸಾಯ ಬಲ್ಲ ಯಾರಿಗೇ ಆದರೂ, ನೇಜಿಗೆ ಗೇಣಿನ ಅಂತರ ಬಿಡಬೇಕೆಂದು ಬಲ್ಲ ನಮ್ಮ ಅಮ್ಮಂದಿರಿಗೂ, ಆ ಪೈರು ನಾಲ್ಕು ದಿನದಲ್ಲಿ ಕೊಳೆಯುತ್ತದೆ ಎಂದು ಗೊತ್ತಾಗುತ್ತಿತ್ತು. ಚೀನಾದ ರೈತರಿಗೆ ಗೊತ್ತಿರಲಿಲ್ಲವೇ? ಪಕ್ಕಾಸಿನ ಹುಡಿ ನಮಗೆಲ್ಲ ಗೊತ್ತಿದ್ದ ಹಾಗೆಯೇ ಗೊತ್ತಿತ್ತು. ಏರಿಸಿದ ಲೆಕ್ಕದ ಮೇಲೆ ಸರಕಾರ ಧಾನ್ಯ ಎತ್ತಿತು, ಹಳ್ಳಿಯಲ್ಲಿ ಉಣ್ಣಲು ಉಳಿಯಲಿಲ್ಲ. 1959ರಲ್ಲಿ ಲೂಷಾನ್ ಎಂಬಲ್ಲಿ ನಡೆದ ಸಭೆಯ ವೇಳೆ ರಕ್ಷಣಾ ಮಂತ್ರಿ ಪೆಂಗ್ ದೆಹ್ವಾಯ್ ಈ ವಿಷಯವನ್ನು ಮಾವೋಗೆ ಖಾಸಗಿ ಪತ್ರ ಬರೆದು ತಿಳಿಸಿದರು. ಮಾವೋ ಆ ಪತ್ರವನ್ನು ಅಚ್ಚು ಹಾಕಿಸಿ ಸಭೆಗೆ ಹಂಚಿ, ಪೆಂಗ್ ಅವರನ್ನು ಹುದ್ದೆಯಿಂದ ಇಳಿಸಿದರು. ಆಮೇಲೆ ಯಾರೂ ಪತ್ರ ಬರೆಯಲಿಲ್ಲ. 1961ರವರೆಗೆ ಮುಂದುವರಿದ ಆ ಕ್ಷಾಮದ ಸಾವುಗಳನ್ನು ಕೋಟಿಗಳಲ್ಲಿ ಎಣಿಸುತ್ತಾರೆ.

ನಮ್ಮ ದೇಶದ ಮಾತಿಗೆ ಬರೋಣ. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಬಂತು, ಪತ್ರಿಕೆಗಳ ಪ್ರತಿ ಪುಟವನ್ನು ಅಧಿಕಾರಿಗಳು ನೋಡತೊಡಗಿದರು. 1977ರ ಜನವರಿ 18ರಂದು ಇಂದಿರಾ ಗಾಂಧಿಯವರು ಚುನಾವಣೆ ಘೋಷಿಸಿದರು. ಮಾರ್ಚಿನಲ್ಲಿ ರಾಯ್‌ಬರೇಲಿಯಲ್ಲಿ ಅವರೇ ಸೋತರು, ಉತ್ತರ ಪ್ರದೇಶದ 85 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಬರಲಿಲ್ಲ. ಬಲವಂತದ ಸಂತಾನಹರಣ ಚಿಕಿತ್ಸೆಗೆ ಹೆದರಿ ಊರು ಬಿಟ್ಟವರ ಸುದ್ದಿ ಪತ್ರಿಕೆಯಲ್ಲಿ ಬಾರದಿದ್ದುದರಿಂದ ಓದುಗರಿಗೆ ಎಷ್ಟು ತಪ್ಪಿತೋ, ದಿಲ್ಲಿಯ ಅಧಿಕಾರದಲ್ಲಿದ್ದವರಿಗೂ ಅಷ್ಟೇ ತಪ್ಪಿತು. ಇಷ್ಟು ಹೇಳಿ ನಿಲ್ಲಿಸಿದರೆ ನನ್ನ ವಾದ ಗೆದ್ದಂತೆ ಕಾಣುತ್ತದೆ. ಆದರೆ ಅದೇ ಚುನಾವಣೆಯಲ್ಲಿ ಕರ್ನಾಟಕದ 28ರಲ್ಲಿ 26 ಸ್ಥಾನಗಳನ್ನು ಕಾಂಗ್ರೆಸ್ ಗೆದ್ದಿತು, ನಮ್ಮ ಮಂಗಳೂರು, ಉಡುಪಿ ಎರಡೂ ಅದರಲ್ಲಿ ಸೇರಿದ್ದವು. ತುರ್ತುಪರಿಸ್ಥಿತಿ ಇಲ್ಲಿಯೂ ಇತ್ತು, ಜೈಲಿಗೆ ಹೋದವರು ಇಲ್ಲಿಯೂ ಇದ್ದರು. ಆದರೆ ಇಲ್ಲಿ ದೇವರಾಜ ಅರಸರ ಭೂಸುಧಾರಣೆಯೂ ಇತ್ತು.

1974ರ ಮಾರ್ಚ್ 1ರಂದು ಜಾರಿಗೆ ಬಂದ ತಿದ್ದುಪಡಿಯಂತೆ ಗೇಣಿಯ ಭೂಮಿಯೆಲ್ಲ ಸರಕಾರಕ್ಕೆ ಸೇರಿ, ಉಳುವವನು ಏಳನೇ ನಮೂನೆಯ ಅರ್ಜಿಯನ್ನು ಭೂನ್ಯಾಯಮಂಡಳಿಗೆ ಕೊಟ್ಟರೆ ಅದು ಅವನದಾಗುತ್ತಿತ್ತು. ಈ ಜಿಲ್ಲೆಯಲ್ಲಿ ಅದನ್ನು ‘ಡಿಕ್ಲರೇಶನ್ ಕೊಡುವುದು’ ಎನ್ನುತ್ತಿದ್ದರು. ಬೇರೆ ಜಿಲ್ಲೆಯ ಸ್ನೇಹಿತರಿಗೆ ಆ ಪದದ ತೂಕ ಅಷ್ಟಾಗಿ ತಿಳಿಯಲಿಕ್ಕಿಲ್ಲ. ಇಲ್ಲಿ ಬಹುಪಾಲು ಗದ್ದೆಗಳನ್ನು ಉಳುತ್ತಿದ್ದವರು ಒಕ್ಕಲುಗಳು, ಅವರಲ್ಲೂ ಹೆಚ್ಚಿನವರು ಧಣಿ ‘ಏಳು’ ಎಂದರೆ ಎದ್ದು ಹೋಗಬೇಕಾದ ಚಾಲಗೇಣಿಯವರು. ಡಿಕ್ಲರೇಶನ್ ಎಂದರೆ ಅಂಥವನು ಧಣಿಯ ಎದುರು ಮೊದಲ ಬಾರಿಗೆ ಕಾಗದದಲ್ಲಿ ಮಾತಾಡುವುದು.

ನನ್ನ ಅಜ್ಜ ಚಾಲಗೇಣಿಯ ಒಕ್ಕಲು. ಅವರಿಗೆ ಇಬ್ಬರು ಧಣಿಗಳಿದ್ದರು. ಮೊದಲನೆಯವರ ಮನೆಗೆ ಗೇಣಿಯ ಅಕ್ಕಿಮುಡಿ ಹೊತ್ತು ಹೋದರೆ ಮುಡಿಯನ್ನು ಅಂಗಳದಲ್ಲಿ ಇಳಿಸಿ, ಅಳೆದು ಮುಗಿಯುವವರೆಗೆ ಬಿಸಿಲಲ್ಲಿ ನಿಂತಿರಬೇಕು. ಅಳತೆಯಲ್ಲಿ ಯಾವಾಗಲೂ ಒಂದೆರಡು ಸೇರು ಕಡಿಮೆ ಬರುತ್ತಿತ್ತು, ಕೇಳುವಂತಿರಲಿಲ್ಲ. ಮೂವತ್ತು ವರ್ಷ ಅಜ್ಜ ಕೇಳಲಿಲ್ಲ. ಡಿಕ್ಲರೇಶನ್ ಫಾರಂ ಬಂದ ವಾರವೇ ಹೆಬ್ಬೆಟ್ಟು ಒತ್ತಿ ಕೊಟ್ಟುಬಂದರು. ಆ ಧಣಿಗಳಿಗೆ ಇದು ನಂಬಲಿಕ್ಕೇ ಆಗಲಿಲ್ಲವಂತೆ. ‘ಅಷ್ಟು ಭಯಭಕ್ತಿ ಇದ್ದವ’ ಎಂದು ಹೇಳಿಕೊಂಡು ತಿರುಗಿದರಂತೆ.

ಎರಡನೆಯ ಧಣಿಗಳು ಬೇರೆ ಬಗೆಯವರು. ನೆರೆ ಬಂದು ಪೈರು ಹೋದ ವರ್ಷ ಗೇಣಿ ಬಿಟ್ಟವರು, ನನ್ನ ದೊಡ್ಡಮ್ಮನ ಮದುವೆಗೆ ಕೇಳದೆಯೇ ಎರಡು ಮುಡಿ ಅಕ್ಕಿ ಕಳಿಸಿದವರು. ಅವರ ಮನೆಯ ಜಗಲಿಯಲ್ಲಿ ಅಜ್ಜ ಕೂರುತ್ತಿದ್ದರು, ಕೆಳಗಿನ ಮೆಟ್ಟಲಲ್ಲಿ ನಿಜ, ಆದರೆ ಕೂರುತ್ತಿದ್ದರು. ಬೆಳೆಗೆ ರೋಗ ಬಂದರೆ, ಕಟ್ಟಪುಣಿ ಒಡೆದರೆ, ಧಣಿಗಳ ಮಗ ಪೇಟೆಯಲ್ಲಿ ಸಾಲ ಮಾಡಿದ ಸುದ್ದಿ ಕಿವಿಗೆ ಬಿದ್ದರೆ ಅದನ್ನೂ ಹೋಗಿ ಹೇಳುತ್ತಿದ್ದರು. ನನ್ನ ಗುರುತಿನಂತೆ ಇದು ಗೌರವವೇ, ಅನುಮಾನವಿಲ್ಲ. ಅವರ ಮೇಲೆ ಅಜ್ಜ ಡಿಕ್ಲರೇಶನ್ ಕೊಡಲಿಲ್ಲ. ಮನೆಯವರೆಲ್ಲ ಹೇಳಿದರೂ ಕೊಡಲಿಲ್ಲ. ಕೊನೆಯ ದಿನ ಕಳೆಯುವ ಮುನ್ನ ಅವರ ಮನೆಗೆ ಹೋಗಿ ‘ನಿಮ್ಮ ಮೇಲೆ ಕಾಗದ ಹಾಕುವುದು ನನ್ನಿಂದ ಆಗುವುದಿಲ್ಲ’ ಎಂದು ಹೇಳಿಬಂದರು. ಧಣಿಗಳು ತೀರಿಕೊಂಡ ಮೇಲೆ ಅವರ ಮಕ್ಕಳು ಆ ಗದ್ದೆಯನ್ನು ಮಾರಿದರು.

ಭಯ ಒಂದು ಹೆಬ್ಬೆಟ್ಟಿನೊಂದಿಗೆ ಮುಗಿದುಹೋಗಿ ನಮಗೆ ಒಂದು ಗದ್ದೆ ಸಿಕ್ಕಿತು. ಗೌರವ ಮುಗಿಯದೆ ಉಳಿದು ಇನ್ನೊಂದು ಗದ್ದೆ ಹೋಯಿತು. ಆ ಧಣಿಗಳು ಅಂದು ಒಂದು ಮಾತು, ‘ಕಾಗದ ಹಾಕು ಮಾರಾಯ’ ಎಂಬ ಒಂದೇ ಮಾತು, ಹೇಳಬಹುದಿತ್ತಲ್ಲ ಎಂದು ನನಗೆ ಈಗಲೂ ಅನಿಸುತ್ತದೆ. ಕಾಲೇಜಿಗೆ ಹೋಗುತ್ತಿದ್ದಾಗ ಇದನ್ನು ಅಜ್ಜನಲ್ಲಿಯೇ ಕೇಳಿದ್ದೆ: ಧಣಿಗಳು ಆಗ ಏನು ಹೇಳಿದರು? ‘ಏನೂ ಹೇಳಲಿಲ್ಲ. ಎಲೆಯಡಿಕೆ ಹರಿವಾಣ ಮುಂದೆ ದೂಡಿದರು’ ಎಂದರು ಅಜ್ಜ. ಅದನ್ನು ಹೇಳುವಾಗ ಅವರ ದನಿಯಲ್ಲಿ ಇದ್ದದ್ದು ಹೆಮ್ಮೆಯೋ ಬೇಸರವೋ ನನಗೆ ಆಗ ತಿಳಿಯಲಿಲ್ಲ. ಮನೆಯೆದುರಿನ ಆ ಬಾಕಿಮಾರು ಗದ್ದೆಯಲ್ಲಿ ಈಗ ಬೇರೆ ಯಾರದೋ ಮನೆ ಇದೆ, ಸುತ್ತ ಕಂಪೌಂಡು ಇದೆ. ನನ್ನ ಅಮ್ಮ ಮಾತ್ರ ಇಂದಿಗೂ ‘ನಮ್ಮ ಬಾಕಿಮಾರಿನಲ್ಲಿ ಮನೆ ಕಟ್ಟಿದವರು’ ಎಂದೇ ಆ ಮನೆಯವರ ಗುರುತು ಹೇಳುತ್ತಾರೆ.